ಬಿಕ್ಕಟ್ಟಿನ ದಿನಗಳಲ್ಲಿ ಆರೋಗ್ಯ ಸಿಬ್ಬಂದಿಯ ಮನಸ್ಸು ಕಾಯುವುದು: ಕೊಡಗಿನ ಆಸ್ಪತ್ರೆ, ಪಿಎಚ್‌ಸಿಗಳಿಗೊಂದು ಕೈಪಿಡಿ

ಸಾಂಕ್ರಾಮಿಕ ಬಂದಾಗ, ಗುಡ್ಡ ಕುಸಿದಾಗ ಆಸ್ಪತ್ರೆಗಳಿಗೆ ಬರುವ ಆದೇಶಗಳಲ್ಲಿ ಹಾಸಿಗೆ ಎಷ್ಟು, ಆಮ್ಲಜನಕ ಎಷ್ಟು, ಔಷಧಿ ದಾಸ್ತಾನು ಎಷ್ಟು ಎಂದೆಲ್ಲ ಕೇಳಿರುತ್ತಾರೆ. ಆ ಹಾಸಿಗೆಯ ಪಕ್ಕ ನಿಂತಿರುವ ಸಿಸ್ಟರ್ ಕೊನೆಗೆ ಮಲಗಿದ್ದು ಯಾವಾಗ ಎಂದು ಯಾವ ನಮೂನೆಯೂ ಕೇಳುವುದಿಲ್ಲ. ಅದನ್ನು ಕೇಳಬೇಕಾದವರಿಗಾಗಿ ಈ ಬರಹ: ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯಾಧಿಕಾರಿ, ನರ್ಸಿಂಗ್ ಸೂಪರಿಂಟೆಂಡೆಂಟ್, ವಾರ್ಡ್ ಇನ್‌ಚಾರ್ಜ್, ಆಶಾ ಕಾರ್ಯಕರ್ತೆಯರನ್ನು ನೋಡಿಕೊಳ್ಳುವ ಸುಗಮಕಾರರು, 108 ಆಂಬುಲೆನ್ಸ್‌ನ ಮೇಲ್ವಿಚಾರಕರು. ಸಿಬ್ಬಂದಿಯ ಮನೆಯವರಿಗೂ ಇದರಲ್ಲಿ ಕೆಲವು ಮಾತುಗಳಿವೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಡ್ಯೂಟಿ ಪಟ್ಟಿ ಸರಿಯಿಲ್ಲದ ಕಡೆ ಆಪ್ತಸಮಾಲೋಚನೆ ಕೆಲಸ ಮಾಡುವುದಿಲ್ಲ. ಮೂವತ್ತು ಗಂಟೆ ಎದ್ದಿರುವವರನ್ನು ಕೂರಿಸಿ ‘ಒತ್ತಡ ನಿರ್ವಹಣೆ’ ಉಪನ್ಯಾಸ ಕೊಟ್ಟರೆ ಅವರಿಗೆ ಸಿಗಬಹುದಾಗಿದ್ದ ಒಂದು ಗಂಟೆ ನಿದ್ದೆಯೂ ಹೋಗುತ್ತದೆ. ನಿದ್ದೆ, ಬಿಸಿ ಊಟ, ಒಣ ಬಟ್ಟೆ, ಗೊಂದಲವಿಲ್ಲದ ಆದೇಶ, ಮನೆಯವರ ಸುದ್ದಿ, ಈ ಐದೂ ಸಿಕ್ಕರೆ ಬಹಳಷ್ಟು ಜನ ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ. ಉಳಿದವರಿಗೆ ಚಿಕಿತ್ಸೆ ಬೇಕು. ಅವರನ್ನು ಗುರುತಿಸಲು ಕೂಡ ಮೊದಲು ಈ ಐದು ಸರಿಯಿರಬೇಕು. ಇಲ್ಲದಿದ್ದರೆ ಯಾರು ಬರೀ ದಣಿದಿದ್ದಾರೆ, ಯಾರು ನಿಜವಾಗಿ ಕುಸಿಯುತ್ತಿದ್ದಾರೆ ಎಂದು ತಿಳಿಯುವುದೇ ಇಲ್ಲ.

ಮೊದಲ ದಿನ: ಸಿಬ್ಬಂದಿಯ ಮನೆಯ ಲೆಕ್ಕ

ಕೊಡಗಿನಲ್ಲಿ ರೋಗಿಗೂ ಸಿಬ್ಬಂದಿಗೂ ಒಂದೇ ಗುಡ್ಡ, ಒಂದೇ ಹೊಳೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲ ಕಡೆ ಗುಡ್ಡ ಜಾರಿದಾಗ, 2019ರಲ್ಲಿ ತೋರದಲ್ಲಿ ಕುಸಿತವಾಗಿ ಕರಡಿಗೋಡು, ನೆಲ್ಯಹುದಿಕೇರಿಗೆ ಕಾವೇರಿ ನುಗ್ಗಿದಾಗ, 2020ರಲ್ಲಿ ಕೋವಿಡ್ ನಡುವೆಯೇ ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗ, ಪರಿಹಾರ ಕೇಂದ್ರಗಳಲ್ಲಿ ಬಿಪಿ ನೋಡಬೇಕಾದವರು ಇದೇ ಊರುಗಳ ಸುತ್ತಮುತ್ತಲಿನವರು. ಮನೆಯವರು ಎಲ್ಲಿದ್ದಾರೆಂದು ಗೊತ್ತಿಲ್ಲದವರ ಕೈಗೆ ಸಿರಿಂಜ್ ಕೊಡಬಾರದು. ಅವರ ಮನಸ್ಸು ಅಲ್ಲಿರುವುದಿಲ್ಲ, ಡೋಸ್ ತಪ್ಪುತ್ತದೆ, ಆ ತಪ್ಪು ಅವರನ್ನು ಮುಂದೆ ವರ್ಷಗಟ್ಟಲೆ ಕಾಡುತ್ತದೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್ ಸಾಲದು, ಕರೆಂಟೂ ಟವರೂ ಒಟ್ಟಿಗೆ ಹೋಗುವ ಊರು ನಮ್ಮದು. ಪ್ರತಿಯೊಬ್ಬರಿಗೂ ಒಂದು ಸಾಲು: ಮನೆ ಎಲ್ಲಿದೆ, ಗುಡ್ಡದ ಕೆಳಗೋ ಹೊಳೆದಂಡೆಯೋ, ಮನೆಗೆ ಹೋಗುವ ದಾರಿ ಯಾವುದು, ವಯಸ್ಸಾದವರು ಅಥವಾ ಎಳೆ ಮಗು ಇದ್ದಾರಾ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು, ಯಾವ ಯಾವ ಭಾಷೆ ಬರುತ್ತದೆ. ಬಸುರಿಯರು, ಹಾಲೂಡಿಸುವವರು, ಸಕ್ಕರೆ ಕಾಯಿಲೆ, ಅಸ್ತಮಾ ಇರುವವರ ಸಾಲಿಗೆ ಗುರುತು ಹಾಕಿಡಿ. ಹೊರಗುತ್ತಿಗೆಯವರನ್ನೂ ಸೇರಿಸಿ. ಗ್ರೂಪ್ ಡಿ ನೌಕರರು, ಆಂಬುಲೆನ್ಸ್ ಚಾಲಕರು, ಶವಾಗಾರದಲ್ಲಿ ಕೆಲಸ ಮಾಡುವವರು, ಬಟ್ಟೆ ಒಗೆಯುವವರು ಇಂಥ ಪಟ್ಟಿಗಳಿಂದ ಮೊದಲು ಬಿಟ್ಟುಹೋಗುತ್ತಾರೆ. ಹೆಣ ಹೊರುವವರು ಅವರೇ ಎಂಬುದನ್ನು ಮರೆಯಬಾರದು.

ಕೇರಳದಿಂದ ಬಂದು ಇಲ್ಲಿ ಕೆಲಸ ಮಾಡುವ ನರ್ಸ್‌ಗಳ ಹೆಸರಿನ ಮುಂದೆ ಇನ್ನೊಂದು ಗುರುತು ಇರಲಿ. 2020ರ ಮಾರ್ಚ್‌ನಲ್ಲಿ ಕೇರಳಕ್ಕೆ ಹೋಗುವ ಮಾಕುಟ್ಟದ ದಾರಿ ಮುಚ್ಚಿತು. ಗಡಿ ಮುಚ್ಚಿದರೆ ಕಣ್ಣೂರಿನ ಮನೆ ಹತ್ತಿರವಿದ್ದೂ ಹೋಗಲಾಗದು. ಅಂಥವರಿಗೆ ಉಳಿಯುವ ಜಾಗ, ಮನೆಗೆ ದಿನಕ್ಕೊಮ್ಮೆ ವಿಡಿಯೋ ಕರೆ ಮಾಡಲು ನೆಟ್‌ವರ್ಕ್ ಸಿಗುವ ಒಂದು ಮೂಲೆ, ಇಷ್ಟನ್ನು ಮೊದಲ ದಿನವೇ ಗೊತ್ತುಮಾಡಿ.

ಪಾಳಿ ಶುರುವಾಗುವ ಮುಂಚೆ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: “ಮನೆಯವರೆಲ್ಲ ಎಲ್ಲಿದ್ದಾರೆ ಅಂತ ಗೊತ್ತಾಯ್ತಾ?” ಗೊತ್ತಿಲ್ಲ ಅಂದರೆ ಅರ್ಧ ಗಂಟೆ ಬಿಡುವು ಕೊಟ್ಟು ಫೋನ್ ಹಿಡಿದು ಕೂರಿಸಿ. ಫೋನ್ ಸಿಗದಿದ್ದರೆ ಆ ಊರಿನ ಗ್ರಾಮ ಪಂಚಾಯಿತಿ, ಅಂಗನವಾಡಿ ಕಾರ್ಯಕರ್ತೆ ಅಥವಾ ಬೀಟ್ ಪೊಲೀಸರ ಮೂಲಕ ವಿಚಾರಿಸುವುದು ಇನ್‌ಚಾರ್ಜ್‌ ಕೆಲಸ. ಅದನ್ನು ಸಿಬ್ಬಂದಿಯ ತಲೆಗೇ ಬಿಡಬೇಡಿ.

ಡ್ಯೂಟಿ ಪಟ್ಟಿ

ಇಲ್ಲಿ ಕೆಡುವಷ್ಟು ಬೇರೆಲ್ಲೂ ಕೆಡುವುದಿಲ್ಲ. ಮೊದಲ ವಾರ ಎಲ್ಲರೂ ಹುಮ್ಮಸ್ಸಿನಿಂದ ಬರುತ್ತಾರೆ, ‘ನಾನೂ ಇರ್ತೀನಿ ಮೇಡಂ’ ಅನ್ನುತ್ತಾರೆ, ಎಲ್ಲರನ್ನೂ ಒಟ್ಟಿಗೆ ಇಟ್ಟುಕೊಳ್ಳುತ್ತೀರಿ. ಮೂರನೇ ವಾರಕ್ಕೆ ಎಲ್ಲರೂ ಒಟ್ಟಿಗೇ ಬೀಳುತ್ತಾರೆ. ಆದ್ದರಿಂದ ಮೊದಲ ದಿನವೇ ಮೂರನೇ ಒಂದು ಭಾಗ ಜನರನ್ನು ಮನೆಗೆ ಕಳಿಸಿ. ಹೋಗಲು ಮನಸ್ಸಿಲ್ಲದಿದ್ದರೂ ಕಳಿಸಿ.

ಪಾಳಿ 8 ಗಂಟೆ ಇದ್ದರೆ ಒಳ್ಳೆಯದು, ಎಷ್ಟೇ ಕಷ್ಟವಿದ್ದರೂ 12 ದಾಟಬಾರದು. ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವಿರಲಿ. ಅದರಲ್ಲಿ ಮನೆಗೆ ಹೋಗಿ ಬರುವ ಹೊತ್ತು, ಸ್ನಾನ, ಊಟ ಎಲ್ಲ ಕಳೆದರೆ ನಿದ್ದೆಗೆ ಉಳಿಯುವುದು ಆರೇಳು ಗಂಟೆ ಮಾತ್ರ. ಸತತ ರಾತ್ರಿ ಪಾಳಿ ಮೂರಕ್ಕಿಂತ ಹೆಚ್ಚು ಬೇಡ, ಕೊನೆಯ ರಾತ್ರಿಯ ನಂತರ ಎರಡು ದಿನ ರಜೆ. ಪಾಳಿ ಬದಲಿಸುವಾಗ ಬೆಳಗಿನದರಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಸಾಗಿ. ದೇಹದ ಗಡಿಯಾರಕ್ಕೆ ತಡವಾಗಿ ಮಲಗುವುದು ಒಗ್ಗುತ್ತದೆ, ಬೇಗ ಮಲಗುವುದು ಒಗ್ಗುವುದಿಲ್ಲ. ಸೋಂಕು ತಡೆಯುವ ಪಿಪಿಇ ಉಡುಪು ಹಾಕಿಕೊಂಡು ಒಳಗಿರುವ ಅವಧಿ ಒಮ್ಮೆಗೆ ನಾಲ್ಕು ಗಂಟೆ ಸಾಕು. ಅದರೊಳಗೆ ನೀರು ಕುಡಿಯಲಾಗದು, ಮೂತ್ರಕ್ಕೆ ಹೋಗಲಾಗದು. ಆ ಭಯಕ್ಕೇ ಹೆಣ್ಣುಮಕ್ಕಳು ಡ್ಯೂಟಿಗೆ ಮುಂಚಿನಿಂದಲೇ ನೀರು ಬಿಡುತ್ತಾರೆ. ಆಮೇಲೆ ಬರುವ ತಲೆನೋವು, ಸಿಡುಕು, ಉರಿಮೂತ್ರವನ್ನು ಎಲ್ಲರೂ ‘ಟೆನ್ಶನ್’ ಅನ್ನುತ್ತಾರೆ. ಪಿಪಿಇ ಹಾಕುವ ಮುಂಚೆ ಒಂದು ಲೋಟ ನೀರು, ತೆಗೆದ ಮೇಲೆ ಎರಡು ಲೋಟ ಎಂದು ಹಾಕುವ ಜಾಗದಲ್ಲೇ ಬರೆದು ಅಂಟಿಸಿ. ಮುಟ್ಟಿನ ದಿನಗಳಲ್ಲಿ ಕಾರಣ ಕೇಳದೆ ಪಾಳಿ ಅದಲುಬದಲು ಮಾಡಿಕೊಳ್ಳಲು ಬಿಡಿ.

ಇಬ್ಬರೇ ಸ್ಟಾಫ್ ನರ್ಸ್ ಇರುವ ಪಿಎಚ್‌ಸಿಯಲ್ಲಿ ಇದೆಲ್ಲ ಹೇಗೆ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅಕ್ಕಪಕ್ಕದ ಎರಡು ಮೂರು ಪಿಎಚ್‌ಸಿಗಳ ಸಿಬ್ಬಂದಿಯನ್ನು ಒಂದೇ ಪಟ್ಟಿಗೆ ತಂದು, ರಾತ್ರಿ ಒಂದೇ ಕಡೆ ತೆರೆದಿಡಲು ತಾಲ್ಲೂಕು ಆರೋಗ್ಯಾಧಿಕಾರಿಯಿಂದ ಲಿಖಿತ ಆದೇಶ ಪಡೆಯಿರಿ. ಮುಂದೂಡಬಹುದಾದ ಸಭೆ, ತರಬೇತಿ, ವರದಿಗಳ ಪಟ್ಟಿಯನ್ನೂ ಅದೇ ಪತ್ರದಲ್ಲಿ ಹಾಕಿ ಅನುಮತಿ ಕೇಳಿ. ಕೆಲಸ ಕಡಿಮೆ ಮಾಡಲು ಜನ ಇಲ್ಲದಿದ್ದರೂ ಕಾಗದ ಕಡಿಮೆ ಮಾಡಬಹುದು.

ರಾತ್ರಿ ಪಾಳಿಗೆ ಒಬ್ಬರನ್ನೇ ಹಾಕಬೇಡಿ. ಹೊಸಬರ ಜೊತೆ ಹಳಬರು ಇರಲಿ. ಜೋಡಿಗಳನ್ನು ಎರಡು ವಾರ ಬದಲಿಸಬೇಡಿ. ಜೋಡಿಯವರು ದಿನಕ್ಕೆರಡು ಸಲ ಪರಸ್ಪರ ಕೇಳಿಕೊಳ್ಳಬೇಕಾದ್ದು ಇಷ್ಟೇ: ಊಟ ಆಯ್ತಾ, ನಿದ್ದೆ ಬಂತಾ, ಮನೆಗೆ ಮಾತಾಡಿದ್ರಾ.

ನಿದ್ದೆ, ಕಾಫಿ, ಮನೆದಾರಿ

ಸತತ 17 ಗಂಟೆ ಎದ್ದಿದ್ದವರ ಕೈ, ಕಣ್ಣು, ತೀರ್ಮಾನ ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರಷ್ಟೇ ಮಂದವಾಗುತ್ತವೆ. 24 ಗಂಟೆಗೆ ಅದು 0.1 ಶೇಕಡಾಕ್ಕೆ ಸಮ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 0.03 ಶೇಕಡಾ. ರಾತ್ರಿ ಪಾಳಿ ಮುಗಿಸಿ ಮಂಜು ಮುಸುಕಿದ ತಿರುವುಗಳಲ್ಲಿ ಸ್ಕೂಟರ್ ಓಡಿಸಿಕೊಂಡು ಹೋಗುವವರನ್ನು ನೆನೆದರೆ ಇದರ ಅರ್ಥವಾಗುತ್ತದೆ. ಅವರು ಹೊರಡುವ ಮುಂಚೆ 20 ನಿಮಿಷ ಮಲಗಿ ಏಳಲಿ. ಸಾಧ್ಯವಿದ್ದರೆ ಆಸ್ಪತ್ರೆಯ ಜೀಪೇ ಬಿಟ್ಟುಬರಲಿ.

ರಾತ್ರಿ ಪಾಳಿಯ ನಡುವೆಯೂ ಸರದಿಯಲ್ಲಿ ಕಿರುನಿದ್ದೆಗೆ ಬಿಡಿ. ನಸುಕಿನ 3ರಿಂದ 5ರ ನಡುವೆ ದೇಹದ ಶಾಖ ಅತ್ಯಂತ ಕಡಿಮೆ, ತಪ್ಪುಗಳು ಹೆಚ್ಚು. 2 ಗಂಟೆಗೆ ಒಬ್ಬರು, ಎರಡೂವರೆಗೆ ಇನ್ನೊಬ್ಬರು, ತಲಾ 20 ನಿಮಿಷ. ಮುಕ್ಕಾಲು ಗಂಟೆ ಮಲಗಿಸಿದರೆ ಗಾಢನಿದ್ದೆಯಿಂದ ಎಬ್ಬಿಸಿದಂತಾಗಿ ಎದ್ದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಮಂಕು ಹಿಡಿಯುತ್ತದೆ. ಆ ಹೊತ್ತಿನಲ್ಲಿ ತುರ್ತು ರೋಗಿ ಬಂದರೆ ಕಷ್ಟ. ಹೆಚ್ಚು ಹೊತ್ತು ಬಿಡಲಾದರೆ ನೇರ ಒಂದೂವರೆ ಗಂಟೆಯೇ ಬಿಡಿ.

ಕಾಫಿಯ ಬಗ್ಗೆ ಕೊಡಗಿನವರಿಗೆ ಹೇಳಿಕೊಡುವ ಹಾಗಿಲ್ಲ, ಆದರೂ ಒಂದು ಲೆಕ್ಕ ಇಲ್ಲಿ ಬೇಕು. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟಿರುತ್ತದೆ, ಚಿಕೋರಿಯಲ್ಲಿ ಇಲ್ಲವೇ ಇಲ್ಲ. ಮನೆಯ ತೋಟದ ರೊಬಸ್ಟಾ ಪುಡಿಯ ಗಟ್ಟಿ ಡಿಕಾಕ್ಷನ್ ಒಂದು ಲೋಟ ಕುಡಿದರೆ ಅಂಗಡಿಯ ಚಿಕೋರಿ ಬೆರೆತ ಕಾಫಿ ಎರಡು ಲೋಟ ಕುಡಿದಂತೆಯೇ. ಕುಡಿದು ಸುಮಾರು ಅರ್ಧ ಗಂಟೆಗೆ ಅದು ಹತ್ತುತ್ತದೆ, ಐದು ಗಂಟೆಯಾದರೂ ಅರ್ಧದಷ್ಟು ರಕ್ತದಲ್ಲೇ ಉಳಿದಿರುತ್ತದೆ. ಹಾಗಾಗಿ ರಾತ್ರಿ ಪಾಳಿಯಲ್ಲಿ ಕಾಫಿ ಮೊದಲರ್ಧಕ್ಕೆ ಇರಲಿ. ನಸುಕಿನ 2ರ ನಂತರ ಕುಡಿದದ್ದು ಬೆಳಿಗ್ಗೆ 9ಕ್ಕೆ ಮನೆಯಲ್ಲಿ ಮಲಗಿದಾಗಲೂ ಎಬ್ಬಿಸುತ್ತದೆ. ಕಿರುನಿದ್ದೆಗೆ ಹೋಗುವ ಮುಂಚೆಯೇ ಅರ್ಧ ಲೋಟ ಕುಡಿದು ಮಲಗಿದರೆ ಏಳುವ ಹೊತ್ತಿಗೆ ಸರಿಯಾಗಿ ಚುರುಕು ಬರುತ್ತದೆ. ಎದೆ ಬಡಿತ, ಕೈನಡುಕ, ಗಾಬರಿ ಎಂದು ಹೇಳಿಕೊಂಡು ಬಂದವರನ್ನು ಮೊದಲು ದಿನಕ್ಕೆ ಎಷ್ಟು ಲೋಟ ಎಂದು ಕೇಳಿ.

ಹಗಲು ಮಲಗಲು ಮನೆಯವರ ಸಹಕಾರ ಬೇಕು. ದಪ್ಪ ಬಟ್ಟೆಯಿಂದ ಕಿಟಕಿ ಮುಚ್ಚಿ, ಮಿಕ್ಸಿ ನಿಲ್ಲಿಸಿ, ಬಂದ ನೆಂಟರನ್ನು ಹೊರಗಿನ ಜಗಲಿಯಲ್ಲೇ ಮಾತಾಡಿಸಿ ಕಳಿಸಿ. ನಿದ್ದೆಗೆಂದು ಎರಡು ಪೆಗ್ ಹಾಕುವ ಅಭ್ಯಾಸ ಇಂಥ ದಿನಗಳಲ್ಲೇ ಶುರುವಾಗುತ್ತದೆ. ಮದ್ಯ ಬೇಗ ಮಲಗಿಸುತ್ತದೆ, ಆದರೆ ನಿದ್ದೆಯ ಎರಡನೇ ಅರ್ಧವನ್ನು ಒಡೆದುಹಾಕುತ್ತದೆ, ಎದ್ದಾಗ ಗಾಬರಿ ಹೆಚ್ಚಿರುತ್ತದೆ. ಔಷಧಿ ಕಪಾಟು ಕೈಗೆಟುಕುವವರು ಗಾಬರಿ ತಗ್ಗಿಸುವ ಅಲ್ಪ್ರಜೋಲಾಂನಂಥ ಮಾತ್ರೆಯನ್ನು ತಾವೇ ತೆಗೆದುಕೊಳ್ಳುವುದೂ ಇದೆ. ಆಘಾತದ ನಂತರದ ಮೊದಲ ತಿಂಗಳಲ್ಲಿ ಆ ಗುಂಪಿನ ಮಾತ್ರೆಗಳನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಸಲಹೆ ಮಾಡಿದೆ. ಅವು ಆಘಾತವನ್ನು ವಾಸಿ ಮಾಡುವುದಿಲ್ಲ, ಚಟವಾಗುತ್ತವೆ. ಫಾರ್ಮಸಿಯ ಲೆಕ್ಕವನ್ನು ವಾರಕ್ಕೊಮ್ಮೆ ತಾಳೆ ನೋಡಿ. ಕೊರತೆ ಕಂಡರೆ ಮೆಮೊ ಕೊಡುವ ಮೊದಲು ಆ ವ್ಯಕ್ತಿಯನ್ನು ಒಬ್ಬರೇ ಇರುವಾಗ ಕರೆದು ಮಾತಾಡಿ.

ಒಂದು ಒಣ ಕೋಣೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಬಟ್ಟೆ ಒಣಗುವುದಿಲ್ಲ. ಒದ್ದೆ ಯೂನಿಫಾರಂನಲ್ಲಿ, ಒದ್ದೆ ಕಾಲುಚೀಲದಲ್ಲಿ ಹನ್ನೆರಡು ಗಂಟೆ ನಿಲ್ಲುವುದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಸಿಬ್ಬಂದಿಯ ಕಣ್ಣಲ್ಲಿ ನೀರು ಬರಿಸುವುದು ಎಷ್ಟೋ ಸಲ ಇಂಥದ್ದೇ. ವಿಶ್ರಾಂತಿ ಕೋಣೆಯಲ್ಲಿ ಇರಬೇಕಾದ್ದು: ಎರಡು ಮಂಚ, ಒಣ ಹೊದಿಕೆ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ, ಅದರ ಕೆಳಗೆ ಸುರಕ್ಷಿತ ದೂರದಲ್ಲಿ ಒಂದು ಹೀಟರ್, ಇಸ್ತ್ರಿಪೆಟ್ಟಿಗೆ, ಹೆಚ್ಚುವರಿ ಕಾಲುಚೀಲ ಹತ್ತು ಜೊತೆ, ಬಿಸಿನೀರಿನ ಫ್ಲಾಸ್ಕ್, ಯುಪಿಎಸ್‌ಗೆ ಜೋಡಿಸಿದ ಚಾರ್ಜಿಂಗ್ ಪಾಯಿಂಟ್, ಒಳಗಿನಿಂದ ಚಿಲಕ. ಚಿಲಕ ಇಲ್ಲದ ಕೋಣೆಯಲ್ಲಿ ಹೆಣ್ಣುಮಕ್ಕಳು ಮಲಗುವುದಿಲ್ಲ. ಗಂಡಸರಿಗೆ ಬೇರೆ ಜಾಗ ಬೇಕು. ಈ ಕೋಣೆಗೆ ರೋಗಿಯ ಕಡೆಯವರು, ಮೇಲಧಿಕಾರಿಗಳು, ಕ್ಯಾಮೆರಾದವರು ಯಾರೂ ಬರುವಂತಿಲ್ಲ.

ಮಳೆ ಜೋರಾದರೆ ಹೋಟೆಲುಗಳು ಏಳಕ್ಕೇ ಬಾಗಿಲು ಹಾಕುತ್ತವೆ. ರಾತ್ರಿ ಪಾಳಿಯವರಿಗೆ ಬಿಸ್ಕತ್ತು ಒಂದೇ ಗತಿ. ಸಂಜೆ ಆರಕ್ಕೆ ಗಂಜಿ, ಚಟ್ನಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಬರುವಂತೆ ಹತ್ತಿರದ ಸ್ವಸಹಾಯ ಸಂಘಕ್ಕೋ ಹೋಟೆಲಿಗೋ ಮುಂಗಡ ಕೊಟ್ಟು ಹೇಳಿಡಿ. ದಾನಿಗಳು ‘ಏನು ಕೊಡಲಿ’ ಎಂದು ಕೇಳಿದಾಗ ಶಾಲು ಹಾರ ಬೇಡ, ಹದಿನೈದು ದಿನದ ರಾತ್ರಿಯೂಟ ಕೊಡಿ ಎಂದು ನೇರವಾಗಿ ಹೇಳಿ.

ಹಾಡಿ, ಲೈನ್ ಮನೆ ಸುತ್ತುವವರಿಗೆ

ಆದಿವಾಸಿಗಳ ಹಾಡಿ, ತೋಟ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆ ಸುತ್ತುವ ಆಶಾ ಕಾರ್ಯಕರ್ತೆಯ ಒತ್ತಡ ಆಸ್ಪತ್ರೆಯ ಗೋಡೆಯೊಳಗಿನವರಿಗೆ ಕಾಣುವುದಿಲ್ಲ. ತೋಟದ ದಾರಿಯಲ್ಲಿ ಜಿಗಣೆ, ದಕ್ಷಿಣ ಕೊಡಗಿನಲ್ಲಿ ಆನೆ, ಲೈನ್ ಮನೆಯಲ್ಲಿ ಬಾಗಿಲು ತೆರೆಯದವರು, ಸಂಜೆ ಏಳಕ್ಕೆ ‘ಇವತ್ತಿನ ಎಂಟ್ರಿ ಎಲ್ಲಿ’ ಎಂದು ಬರುವ ಫೋನ್. ನೆಟ್‌ವರ್ಕ್‌ಗಾಗಿ ಕತ್ತಲಲ್ಲಿ ಗುಡ್ಡ ಹತ್ತಿ ಆ್ಯಪ್ ತುಂಬಿಸುವ ಸ್ಥಿತಿಗೆ ಅವರನ್ನು ತರಬೇಡಿ. ಹಗಲು ಕಾಗದದಲ್ಲಿ ಬರೆದುಕೊಳ್ಳಲಿ, ಮರುದಿನ ಬೆಳಿಗ್ಗೆ ಉಪಕೇಂದ್ರದಲ್ಲಿ ಒಬ್ಬರು ಕೂತು ಎಲ್ಲರದ್ದನ್ನೂ ತುಂಬಿಸಲಿ. ಗಡುವನ್ನು ಅದಕ್ಕೆ ತಕ್ಕಂತೆ ಬೆಳಿಗ್ಗೆ 11ಕ್ಕೆ ಇಡಿ.

ಇಬ್ಬಿಬ್ಬರಾಗಿ ಕಳಿಸಿ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 5ರ ನಂತರ ತೋಟದ ಒಳದಾರಿಗೆ ಕಳಿಸಬೇಡಿ. ಹೊರಡುವ ಮುಂಚೆ ಆನೆ ಎಲ್ಲಿದೆ ಎಂದು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರವೋ ಅರಣ್ಯ ಸಿಬ್ಬಂದಿಯ ಹತ್ತಿರವೋ ಕೇಳುವುದು ಸುಗಮಕಾರರ ಹೊಣೆ. ಕೈಚೀಲದಲ್ಲಿ ಉಪ್ಪಿನ ಪೊಟ್ಟಣ, ಟಾರ್ಚ್, ಒಣ ಕಾಲುಚೀಲ, ಮೊಬೈಲ್ ಇಡಲು ಪ್ಲಾಸ್ಟಿಕ್ ಕವರ್ ಇರಲಿ.

ಭಾಷೆಯೂ ಹೊರೆಯೇ. ಒಂದೇ ತೋಟದ ಲೈನ್‌ನಲ್ಲಿ ಯರವ, ಮಲಯಾಳ, ತಮಿಳು, ಅಸ್ಸಾಮಿನಿಂದ ಬಂದವರ ಬಂಗಾಳಿ ಎಲ್ಲ ಕೇಳಿಬರುತ್ತವೆ. ಮಾತು ತಿಳಿಯದೆ ಜಗಳವಾದರೆ ಬೈಸಿಕೊಳ್ಳುವವರು ಆಶಾ. ಆ ನೋಟ್‌ಬುಕ್ಕಿನ ಭಾಷೆಯ ಕಾಲಂ ಇಲ್ಲಿ ನೆರವಿಗೆ ಬರುತ್ತದೆ. ಹಾಡಿಗೆ ಹಾಡಿಯವರೇ ಆದ ಒಬ್ಬರನ್ನು, ವಲಸೆ ಕಾರ್ಮಿಕರ ಲೈನ್‌ಗೆ ಅವರ ಮೇಸ್ತ್ರಿಯನ್ನು ಜೊತೆಗಿಟ್ಟುಕೊಂಡು ಹೋದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಹಣದ ವಿಷಯ ಮುಚ್ಚಿಡಬೇಡಿ. ಪ್ರೋತ್ಸಾಹಧನ ಯಾವ ತಿಂಗಳದ್ದು ಬಾಕಿ, ಬಿಲ್ ಯಾವ ಮೇಜಿನ ಮೇಲಿದೆ, ಡ್ಯೂಟಿಯಲ್ಲಿ ಜೀವ ಹೋದರೆ ಮನೆಗೆ ಏನು ಸಿಗುತ್ತದೆ, ಇದನ್ನು ಬಿಳಿಹಾಳೆಯಲ್ಲಿ ಬರೆದು ಕೊಡಿ. 2020ರಲ್ಲಿ ಕೋವಿಡ್ ಕೆಲಸದವರಿಗೆ ಕೇಂದ್ರ ಸರ್ಕಾರ ₹50 ಲಕ್ಷದ ವಿಮೆ ತಂದಾಗ ಆಶಾಗಳೂ ಅದರೊಳಗಿದ್ದರು. ಮುಂದೆಯೂ ಇಂಥ ಯೋಜನೆ ಬಂದರೆ ನೇಮಕ ಆದೇಶ, ನಾಮಿನಿ ವಿವರ, ಡ್ಯೂಟಿ ಹಾಜರಿ ಇವನ್ನು ಇನ್‌ಚಾರ್ಜ್ ಮೊದಲೇ ಜೋಡಿಸಿಟ್ಟಿರಬೇಕು.

ಮಾತಾಡಿಸುವುದು ಹೇಗೆ

ಪಾಳಿ ಬದಲಾಗುವಾಗಿನ ದಿನದ ಹ್ಯಾಂಡೋವರ್‌ಗೆ ಹತ್ತು ನಿಮಿಷ ಸೇರಿಸಿ. ನಿಂತುಕೊಂಡೇ ಮುಗಿಯಲಿ. ಇವತ್ತು ಏನು ಬದಲಾಗಿದೆ, ಏನು ಇನ್ನೂ ಗೊತ್ತಿಲ್ಲ, ಮುಂದಿನ ಸುದ್ದಿ ಎಷ್ಟು ಗಂಟೆಗೆ, ಈ ಮೂರನ್ನು ಹೇಳಿ. ಆದೇಶ ದಿನಕ್ಕೆ ಮೂರು ಸಲ ಬದಲಾದರೆ ಹಳೆಯದನ್ನು ಗೋಡೆಯಿಂದ ಕಿತ್ತು ಹೊಸದನ್ನೇ ದಿನಾಂಕ, ಗಂಟೆ ಬರೆದು ಅಂಟಿಸಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆದೇಶಕ್ಕೇ ಒಂದು, ಹರಟೆಗೇ ಒಂದು ಇರಲಿ. ರಾತ್ರಿ 9ರ ನಂತರ ತುರ್ತಲ್ಲದ್ದನ್ನು ಹಾಕಬೇಡಿ.

ಕಷ್ಟದ ಸಾವು, ಹೆಣಗಳ ಸಾಲು, ರೋಗಿಯ ಕಡೆಯವರ ಹಲ್ಲೆ ಇಂಥದ್ದಾದ ಮೇಲೆ ಮಾಡಬೇಕಾದ್ದು ಮಾನಸಿಕ ಪ್ರಥಮ ಚಿಕಿತ್ಸೆ. ಅದಕ್ಕೆ ಮೂರು ಹೆಜ್ಜೆ: ನೋಡಿ, ಕೇಳಿ, ಜೋಡಿಸಿ. ಯಾರು ಮಾತು ಬಿಟ್ಟಿದ್ದಾರೆ, ಯಾರು ನಡುಗುತ್ತಿದ್ದಾರೆ, ಯಾರು ಮಾಡಿದ್ದನ್ನೇ ಮಾಡುತ್ತಿದ್ದಾರೆ ನೋಡಿ. ಪಕ್ಕ ಕೂತು “ಈಗ ಏನು ಬೇಕು ಸಿಸ್ಟರ್?” ಎಂದು ಕೇಳಿ, ಅವರು ಹೇಳಿದಷ್ಟನ್ನು ಕೇಳಿಸಿಕೊಳ್ಳಿ, ಹೇಳದ್ದನ್ನು ಕೆದಕಬೇಡಿ. ಆಮೇಲೆ ನೀರು, ಬಿಸಿ ಚಹಾ, ಮನೆಗೆ ಫೋನ್, ಜೊತೆಗೊಬ್ಬರು, ವಾಹನ, ಬೇಕಿದ್ದರೆ ವೈದ್ಯರು, ಇವಕ್ಕೆ ಜೋಡಿಸಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಎಲ್ಲರನ್ನೂ ಸುತ್ತ ಕೂರಿಸಿ ‘ಏನೇನಾಯಿತು, ಹೇಗನ್ನಿಸಿತು, ಒಬ್ಬೊಬ್ಬರಾಗಿ ಹೇಳಿ’ ಎನ್ನುವುದು. ಕಡ್ಡಾಯವಾಗಿ ಒಂದೇ ಸಲಕ್ಕೆ ಹೀಗೆ ಹೇಳಿಸುವುದರಿಂದ ಮುಂದಿನ ಆಘಾತ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚುತ್ತದೆ. ಹಾಗೆ ಮಾಡಬಾರದೆಂದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೆ. ಮಾತಾಡಲು ಬಯಸುವವರಿಗೆ ಬಾಗಿಲು ತೆರೆದಿರಲಿ, ಬಯಸದವರಿಗೆ ಕೆಲಸ ಕೊಡಿ ಅಥವಾ ಮನೆಗೆ ಕಳಿಸಿ. ‘ಧೈರ್ಯ ತಗೊಳ್ಳಿ’, ‘ನೀವೇ ಹೀಗಾದ್ರೆ ಹೇಗೆ’, ‘ನಮ್ಮ ಕಾಲದಲ್ಲಿ’ ಈ ಮೂರು ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ.

ಎದೆ ಹಿಡಿದಂತಾಗಿ ಉಸಿರು ಸಿಗುತ್ತಿಲ್ಲ ಎನ್ನುವವರನ್ನು ಹೊರಗೆ ಗಾಳಿಗೆ ಕರೆತಂದು ಮಾಸ್ಕ್ ತೆಗೆಸಿ. ಎರಡೂ ಪಾದ ನೆಲಕ್ಕೆ ಊರಿರಲಿ. ನಾಲ್ಕು ಎಣಿಸುವಷ್ಟು ಒಳಗೆಳೆದು ಆರು ಎಣಿಸುವಷ್ಟು ನಿಧಾನಕ್ಕೆ ಬಿಡಲಿ, ಐದು ನಿಮಿಷ. ಹೊರಬಿಡುವ ಉಸಿರು ಉದ್ದವಾದಾಗ ಹೃದಯದ ಬಡಿತ ತಾನೇ ಇಳಿಯುತ್ತದೆ. ತಲೆ ಸುತ್ತಿದರೆ ಎಣಿಕೆ ಬಿಟ್ಟು ಸಹಜವಾಗಿ ಉಸಿರಾಡಲಿ. ಎನ್-95 ಹಾಕಿಕೊಂಡು ಇದನ್ನು ಮಾಡಿಸಬೇಡಿ. ನಲವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಮೊದಲು ಒಂದು ಇಸಿಜಿ ತೆಗೆಯಿರಿ. ಎಲ್ಲ ಎದೆನೋವೂ ಗಾಬರಿಯಲ್ಲ.

ಇನ್ನೊಂದು ಗಾಯವಿದೆ, ಅದು ಬೇಗ ಕಾಣುವುದಿಲ್ಲ. ಒಂದೇ ವೆಂಟಿಲೇಟರ್, ಇಬ್ಬರು ರೋಗಿಗಳು. ಸಂಪಾಜೆ ಘಾಟಿ ಮುಚ್ಚಿದೆ, ಮಂಗಳೂರಿಗೆ ಕಳಿಸಲಾಗದು, ಮೈಸೂರಿಗೆ ಸುಮಾರು 120 ಕಿಲೋಮೀಟರ್, ದಾರಿಯಲ್ಲೇ ಜೀವ ಹೋಯಿತು. ‘ನಾನು ಬೇರೆ ತೀರ್ಮಾನ ಮಾಡಿದ್ದರೆ’ ಎಂಬ ಕೊರಗು ಭಯಕ್ಕಿಂತ ಆಳಕ್ಕಿಳಿಯುತ್ತದೆ. ಇದಕ್ಕೆ ಸಮಾಧಾನದ ಮಾತು ಸಾಲದು, ವ್ಯವಸ್ಥೆ ಬೇಕು. ಯಾರಿಗೆ ಮೊದಲು ಎಂಬ ತೀರ್ಮಾನ ಇಬ್ಬರು ವೈದ್ಯರು ಸೇರಿ ಮಾಡಿ, ಕಾರಣ ಬರೆದು, ಇಬ್ಬರೂ ಸಹಿ ಹಾಕಲಿ. ಸಾವಿನ ಸುದ್ದಿ ಹೇಳಲು ಒಬ್ಬರನ್ನೇ ಕಳಿಸಬೇಡಿ. ಕಿರಿಯ ನರ್ಸ್ ತಲೆಗಂತೂ ಕಟ್ಟಬೇಡಿ. ದಾರಿಯಲ್ಲಿ ರೋಗಿ ತೀರಿಕೊಂಡ 108ರ ತಂಡವನ್ನು ಕೂಡಲೇ ಮುಂದಿನ ಕರೆಗೆ ಓಡಿಸದೆ, ವಾಹನ ತೊಳೆಯುವ ನೆಪದಲ್ಲಾದರೂ ಅರ್ಧ ಗಂಟೆ ನಿಲ್ಲಿಸಿ.

ಬಾಡಿಗೆ ಮನೆ, ಬೈಗುಳ, ಹಲ್ಲೆ

‘ನೀವು ಕೋವಿಡ್ ವಾರ್ಡಿನವರು, ಮನೆ ಖಾಲಿ ಮಾಡಿ’ ಎನ್ನುವ ಮಾತು 2020ರಲ್ಲಿ ದೇಶದ ಉದ್ದಗಲ ಕೇಳಿಬಂತು. ಅದೇ ವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ, ಸಾಂಕ್ರಾಮಿಕದ ಸಮಯದಲ್ಲಿ ಆರೋಗ್ಯ ಸಿಬ್ಬಂದಿಯ ವಾಸಕ್ಕೆ, ಕೆಲಸಕ್ಕೆ ತೊಂದರೆಯಾಗುವಂತೆ ಕಿರುಕುಳ ಕೊಡುವುದನ್ನೂ ಹಿಂಸೆಯೆಂದೇ ಎಣಿಸಲಾಗಿದೆ. ಮೂರು ತಿಂಗಳಿಂದ ಐದು ವರ್ಷ ಜೈಲು, ₹50,000ದಿಂದ ₹2 ಲಕ್ಷ ದಂಡ. ತೀವ್ರ ಗಾಯವಾದರೆ ಆರು ತಿಂಗಳಿಂದ ಏಳು ವರ್ಷ. ಜಾಮೀನುರಹಿತ ಅಪರಾಧ. ಆದರೆ ಮೊದಲು ವೈದ್ಯಾಧಿಕಾರಿ, ಪಂಚಾಯಿತಿ ಸದಸ್ಯರು, ಬೀಟ್ ಪೊಲೀಸ್ ಮೂವರೂ ಸೇರಿ ಮನೆಯ ಮಾಲೀಕರನ್ನು ಕಂಡು ಮಾತಾಡಿ. ಬಹುಪಾಲು ಅಲ್ಲೇ ಮುಗಿಯುತ್ತದೆ. ಹಲ್ಲೆಯಾದಲ್ಲಿ ದೂರನ್ನು ಸಂಸ್ಥೆಯ ಹೆಸರಲ್ಲೇ ಕೊಡಿ. ಏಟು ತಿಂದವರೇ ಠಾಣೆಗೆ ಅಲೆಯುವಂತಾಗಬಾರದು.

ಚಿಕಿತ್ಸೆ ಬೇಕು ಎಂದು ತಿಳಿಯುವುದು

ಮೊದಲ ಕೆಲವು ದಿನ ನಿದ್ದೆಗೆಡುವುದು, ಸಿಡುಕು, ಅಳು, ಕನಸಲ್ಲಿ ವಾರ್ಡ್ ಕಾಣುವುದು ಸಹಜ. ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದು ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಸರಿಯಾಗಿ ಮಾಡುತ್ತಿದ್ದ ಕೆಲಸದಲ್ಲಿ ತಪ್ಪು ಹೆಚ್ಚಿದರೆ, ನಿದ್ದೆಗೆ ದಿನವೂ ಮದ್ಯ ಬೇಕಾದರೆ, ಕಂಡದ್ದು ತಿಂಗಳಾದರೂ ಕಣ್ಣಮುಂದೆ ಮರುಕಳಿಸಿ ಆ ಜಾಗಕ್ಕೆ ಹೋಗಲೇ ಆಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆಯನ್ನು ಅವರೇ ಗುಟ್ಟಾಗಿ ತುಂಬಿ ನೋಡಿಕೊಳ್ಳಬಹುದು. 27ರಲ್ಲಿ 10 ಅಥವಾ ಹೆಚ್ಚು ಬಂದರೆ, ಇಲ್ಲವೇ ಮೊತ್ತ ಎಷ್ಟೇ ಇರಲಿ ಸಾಯುವ, ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ ಕೇಳುವ ಒಂಬತ್ತನೇ ಪ್ರಶ್ನೆಗೆ ‘ಇಲ್ಲವೇ ಇಲ್ಲ’ ಬಿಟ್ಟು ಬೇರೇನೇ ಉತ್ತರ ಬಂದರೂ ತಡಮಾಡಬಾರದು.

ಕೊಡಗು ಸಣ್ಣ ಜಿಲ್ಲೆ. ಮನೋವೈದ್ಯರ ಬಾಗಿಲಲ್ಲಿ ಕೂತರೆ ಪಕ್ಕದ ಕುರ್ಚಿಯಲ್ಲಿ ಪರಿಚಯದವರೇ ಇರುತ್ತಾರೆ. ಸಿಬ್ಬಂದಿ ಚಿಕಿತ್ಸೆಗೆ ಹೋಗದಿರಲು ಬಹಳ ಸಲ ಇದೇ ಕಾರಣ. ಆದ್ದರಿಂದ ಮೊದಲ ಹೆಜ್ಜೆ ಫೋನ್ ಆಗಲಿ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಉಚಿತ ಸೇವೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮನೋವೈದ್ಯ ವಿಭಾಗ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದೊಂದಿಗೆ ಮಾತಾಡಿ, ಸಿಬ್ಬಂದಿಗಾಗಿ ಒಪಿಡಿ ಮುಗಿದ ನಂತರದ ಸಮಯ ಗೊತ್ತುಮಾಡಿಕೊಳ್ಳಿ. ರಜೆ ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಯಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಇನ್‌ಚಾರ್ಜ್ ಆದವರು ಅದನ್ನು ಕ್ಯಾಂಟೀನಿನಲ್ಲಿ ಮುರಿದರೆ ಆ ಆಸ್ಪತ್ರೆಯಲ್ಲಿ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

‘ನಾನಿಲ್ಲದಿದ್ರೆ ಎಲ್ಲರಿಗೂ ಒಳ್ಳೇದು’ ಎಂಬಂಥ ಮಾತು ಕಿವಿಗೆ ಬಿದ್ದರೆ ಸುತ್ತಿ ಬಳಸದೆ ಕೇಳಿ: “ಬದುಕೋದೇ ಬೇಡ ಅನ್ನಿಸ್ತಿದೆಯಾ? ಸಾಯೋ ಯೋಚನೆ ಬರ್ತಿದೆಯಾ?” ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹೌದು ಎಂದರೆ ಅವರನ್ನು ಒಂಟಿ ಬಿಡಬೇಡಿ, ಜೊತೆಗಿದ್ದೇ 14416ಕ್ಕೆ ಕರೆ ಮಾಡಿ, ಅಪಾಯ ಹತ್ತಿರವಿದ್ದರೆ 112 ಅಥವಾ 108ಕ್ಕೆ, ಇಲ್ಲವೇ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂದೇ ಮನೆಯವರೊಂದಿಗೆ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತಾಡಲೇಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ, ಎಷ್ಟೋ ಮನೆಯಲ್ಲಿ ಕೋವಿ ಇರುತ್ತದೆ. ತೋಟದ ಮನೆಯಲ್ಲಿ ಕೀಟನಾಶಕ ಇದ್ದೇ ಇರುತ್ತದೆ. ಆ ವ್ಯಕ್ತಿ ಚೇತರಿಸಿಕೊಳ್ಳುವವರೆಗೆ ಕೋವಿ ಒಕ್ಕದ, ಅಂದರೆ ಮನೆತನದ, ಹಿರಿಯರ ಮನೆಯಲ್ಲೋ ಠಾಣೆಯ ಸುಪರ್ದಿಯಲ್ಲೋ ಇರಲಿ, ತೋಟದ ಔಷಧಿ ಬೇರೆಯವರ ಬೀಗದ ಕೈಯಲ್ಲಿರಲಿ. ಕೋವಿಗೆ ಮನೆತನದ ಗೌರವ ಅಂಟಿಕೊಂಡಿದೆ, ಹಾಗಾಗಿ ಹಿರಿಯರಿಂದಲೇ ಹೇಳಿಸಿ: “ಕೆಲವು ದಿನ ನಮ್ಮಲ್ಲಿರಲಿ, ಆಮೇಲೆ ಕೊಡ್ತೇವೆ.” ಸಾಯುವ ತೀವ್ರ ಯೋಚನೆ ಹೆಚ್ಚಿನ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಸಾಧನ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಆಸ್ಪತ್ರೆಯಲ್ಲಿ ಆ ವ್ಯಕ್ತಿಯ ಕೈಯಲ್ಲಿರುವ ಔಷಧಿ ಕಪಾಟಿನ ಕೀಲಿಯನ್ನೂ ಸದ್ದಿಲ್ಲದೆ ಬೇರೆಯವರಿಗೆ ವಹಿಸಿ.

ಮುಗಿದ ಮೇಲೆ

ಬಿಕ್ಕಟ್ಟು ಇಳಿದ ಮೇಲಿನ ಎರಡು ಮೂರು ತಿಂಗಳೇ ಹೆಚ್ಚು ಎಚ್ಚರ ಬೇಡುವ ಕಾಲ. ಓಡಾಟ ನಿಂತಾಗ ತಡೆದಿಟ್ಟದ್ದೆಲ್ಲ ಮೇಲೆ ಬರುತ್ತದೆ. ಅಷ್ಟು ಹೊತ್ತಿಗೆ ಮೇಲಿನವರ ಗಮನ ಬೇರೆ ಕಡೆ ಹೋಗಿರುತ್ತದೆ, ಬಾಕಿ ವರದಿ ಕೇಳಿ ಪತ್ರ ಬರುತ್ತಿರುತ್ತದೆ. ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಪ್ರತಿಯೊಬ್ಬರೊಂದಿಗೂ ಹದಿನೈದು ನಿಮಿಷ ಬೇರೆಯಾಗಿ ಮಾತಾಡುವ ದಿನಾಂಕವನ್ನು ಈಗಲೇ ಬರೆದಿಡಿ. ಕೂಡಿಟ್ಟ ರಜೆ ಕೈಲ್‌ಪೊಳ್ದ್, ಓಣಂ, ಹುತ್ತರಿ, ಈದ್, ಕ್ರಿಸ್ಮಸ್‌ಗೆ ಸರದಿಯಂತೆ ಸಿಗಲಿ. ಈ ವರ್ಷ ಹಬ್ಬಕ್ಕೆ ನಿಂತವರಿಗೆ ಮುಂದಿನ ವರ್ಷ ಖಂಡಿತ ರಜೆ ಎಂದು ಬರವಣಿಗೆಯಲ್ಲಿ ಕೊಡಿ.

2018ರ ಕುಸಿತವನ್ನು ಹತ್ತಿರದಿಂದ ಕಂಡವರಿಗೆ ಆಗಸ್ಟ್‌ನ ಜಡಿಮಳೆ ಶುರುವಾದರೆ ನಿದ್ದೆ ಹೋಗುವುದುಂಟು. ಆ ವಾರಗಳಲ್ಲಿ ಅವರಿಗೆ ರಾತ್ರಿ ಪಾಳಿ ಬೇಕೋ ಬೇಡವೋ ಎಂದು ಅವರನ್ನೇ ಕೇಳಿ. ಕೆಲವರಿಗೆ ಜನರ ನಡುವೆ ಆಸ್ಪತ್ರೆಯಲ್ಲಿರುವುದೇ ನೆಮ್ಮದಿ, ಕೆಲವರಿಗೆ ಮಕ್ಕಳ ಪಕ್ಕದಲ್ಲಿರುವುದು. ಮೇ ಕೊನೆಯ ವಾರ ಆ ನೋಟ್‌ಬುಕ್ ಮತ್ತೆ ತೆರೆದು ವಿಳಾಸ, ಫೋನ್ ನಂಬರ್ ಸರಿಪಡಿಸಿ, ಹೀಟರ್ ಉರಿಸಿ ನೋಡಿ, ಊಟದವರಿಗೆ ಹೇಳಿಡಿ, ಹೊಸದಾಗಿ ಸೇರಿದವರ ಹೆಸರನ್ನು ಜೋಡಿ ಪಟ್ಟಿಗೆ ಸೇರಿಸಿ.